ಹತ್ತಿದ ಬಣ್ಣ

ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಮೋರಿ ನೋಡಿ
ಯಾವ ಮಗ್ಗಕ್ಕೆ ಯಾವ ಸೀರೆ ಏರಲಿದೆಯೆಂದು
ಹೇಳಬಹುದು.
ಸೋಮವಾರ ಕಿರಮಂಜಿ. ಬುಧವಾರ ಗಿಳಿಹಸಿರು.
ಮದುವೆ ತಿಂಗಳಲ್ಲಿ ಎರಡೂ ಕೂಡಿ
ಹೆಸರಿಲ್ಲದ ಒಂದು ಕಂದು.
ಕೆಳಗಿನ ಮನೆ ಜೈತುನ್‌ಬಿಯ ಬಿಳಿ ಕೋಳಿಗೆ
ಮೊಣಕಾಲತನಕ ನೇರಳೆ ಕಾಲುಚೀಲ.
ಅವಳು ಬೈದದ್ದು ಕೇಳಿಸಿದರೂ ಅಪ್ಪ
ಹಂಡೆಯ ಮುಂದೆ ಲಡಿ ತಿರುವುತ್ತಲೇ ಇದ್ದ:
"ಬಣ್ಣದೋನ ಮನೆ ನೀರು ಇನ್ನೆಂಗಿರತೈತೆ?"

ನಾನು ಚಳ್ಳಕೆರೆಯಿಂದ ಒಂದು ಚೀಲ ಹೊಟ್ಟು ತಂದೆ.
ಎಣ್ಣೆಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿತ್ತು, ಶೇಂಗಾದ್ದು.
ಕಾಳು ಗಾಣಕ್ಕೆ, ಹಿಂಡಿ ಎಮ್ಮೆಗೆ,
ಹೊಟ್ಟು ಯಾರಿಗೂ ಅಲ್ಲ.
ಹಮಾಲಿ ದಾದಾಪೀರ್ ದುಡ್ಡು ಬೇಡವೆಂದ;
"ಓದಿದೋರು ಕಸ ಕೇಳ್ಕೊಂಡು ಬರ್ತಾರೆ" ಎಂದು ನಕ್ಕು
ಚೀಲವನ್ನು ಬಸ್ಸಿನ ಮೇಲಕ್ಕೆ ತಾನೇ ಎಸೆದ.

ತೊಳೆದೆ, ಒಣಗಿಸಿದೆ, ಒಂದು ರಾತ್ರಿ ಆಮ್ಲದಲ್ಲಿ ನೆನೆಹಾಕಿದೆ.
ದಾವಣಗೆರೆಯ ಲ್ಯಾಬಿನಲ್ಲಿ
ಬಾಯಿ ಮುಚ್ಚಿದ ಮೂಸೆ, ಐನೂರು ಡಿಗ್ರಿ.
ಗಾಳಿ ಸಿಕ್ಕಿದ್ದರೆ ಬೂದಿ;
ಗಾಳಿಯಿಲ್ಲದೆ ಬೆಂದದ್ದಕ್ಕೆ ಇದ್ದಿಲು.
ಆಮೇಲೆ ಮತ್ತೆ ತೊಳೆದೆ, ತೊಳೆದೆ,
ಲಿಟ್ಮಸ್ ಕಾಗದ ಕೆಂಪಾಗುವುದನ್ನು ಬಿಡುವತನಕ.
ಕೈಯ ಗೆರೆಗಳಲ್ಲಿ ಕಪ್ಪು ಉಳಿಯಿತು,
ಅಪ್ಪನ ಗೆರೆಗಳಲ್ಲಿ ಕಿರಮಂಜಿ ಇರುವಂತೆ.

ಒಂದೇ ಒಂದು ಗ್ರಾಮಿನ ಒಳಗೆ, ಅಪ್ಪಾ,
ತೂತು, ತೂತಿನೊಳಗೆ ತೂತು,
ಎಲ್ಲ ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ ಕಾಲು ಎಕರೆ ನೆಲ.
ಅಂಗೈಯ ಚಿಟಿಕೆಯನ್ನು ನೋಡಿ ಅಂದ:
"ನಮ್ಮ ವಂಶಕ್ಕೇ ಒಂದು ಗುಂಟೆ ಇಲ್ಲ.
ಇದಕ್ಕೆ ಪಹಣಿ ಯಾರು ಕೊಟ್ರು?"

ಪೇಂಟಿನ ಖಾಲಿ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು,
ಒಳಗೆ ಜಲ್ಲಿ, ಮರಳು, ನನ್ನ ಇದ್ದಿಲು.
ಹಂಡೆಯ ಕೊನೆಯ ನೀರು ಸುರಿದೆವು, ಕಿರಮಂಜಿ.
ಹನಿ.
ಹನಿ.
ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.
ಗಾಜಿನ ಲೋಟಕ್ಕೆ ಬಿದ್ದದ್ದು
ನೀರು. ಬರೀ ನೀರು.
ಲೋಟದ ತಳದ ಕಂಪನಿ ಹೆಸರು ಓದುವಷ್ಟು.

ಮೂವತ್ತೆಂಟು ವರ್ಷ ಬಣ್ಣವನ್ನೇ ದಿಟ್ಟಿಸಿದ ಕಣ್ಣು
ಬಣ್ಣವಿಲ್ಲದ್ದನ್ನು ಹೇಗೆ ನೋಡಬೇಕು?
ಲೋಟ ಎತ್ತಿ ಬಿಸಿಲಿಗೆ ಹಿಡಿದ. ಇಳಿಸಿದ. ಮತ್ತೆ ಎತ್ತಿದ.
"ಎಲ್ಲಿ ಹೋತು?"

ಪುಸ್ತಕದ ಮಾತು ಹೇಳಿದೆ: ಅಧಿಶೋಷಣೆ.
ಹೀರಿಕೊಂಡಿಲ್ಲ, ಒಳಗಿನ ಗೋಡೆಗಳಿಗೆ
ತೆಳ್ಳಗೆ ಮೆತ್ತಿಕೊಂಡಿದೆ, ಅಂದರೆ ಏನೆಂದರೆ...
"ಹತ್ತೈತೆ" ಅಂದ ಅಪ್ಪ.
"ರೇಷ್ಮೆಗೆ ಹತ್ತಿದಂಗೆ ಇದ್ದಿಲಿಗೂ ಹತ್ತೈತೆ.
ಕರೀದಕ್ಕೆ ಯಾವ ಬಣ್ಣ ಹತ್ತಿದ್ರೂ ಕಾಣಲ್ಲ, ಅಷ್ಟೆ."
ಮೂರು ಸಲ ಓದಿದ್ದ ಅಧ್ಯಾಯ ಆಗ ಅರ್ಥವಾಯಿತು.

ಬಣ್ಣಗಾರನಿಗೆ ಮಾತು ಅಲ್ಲಿಗೆ ಮುಗಿಯುವುದಿಲ್ಲ.
ಹತ್ತಿದ ಮೇಲೆ, ಬಿಡುತ್ತದೋ ಇಲ್ಲವೋ.
ಆ ರಾತ್ರಿ ಡಬ್ಬಿ ಬಿಚ್ಚಿ, ಒದ್ದೆ ಇದ್ದಿಲು ಒಂದು ಹಿಡಿ
ಹಳೇ ಪಂಚೆಯ ಚೂರಿನಲ್ಲಿ ಕಟ್ಟಿ
ಸಾಬೂನು ನೀರಿನಲ್ಲಿ ಇಳಿಬಿಟ್ಟ,
ಹೊಸ ಲಡಿಯ ತುದಿ ಪರೀಕ್ಷಿಸುವ ಹಾಗೆಯೇ.

ಬೆಳಿಗ್ಗೆ ನನ್ನನ್ನು ಎಬ್ಬಿಸಲಿಲ್ಲ.
ಬಟ್ಟೆಯನ್ನು ನನ್ನ ನೋಟ್‌ಬುಕ್ಕಿನ ಪಕ್ಕ ಹಾಸಿಟ್ಟು
ಹಂಡೆಗೆ ಉರಿ ಹಾಕಲು ಹೋಗಿದ್ದ.
ಕಪ್ಪು ಕಲೆಯ ಸುತ್ತ
ಒಂದು ಉಂಗುರ,
ಹಸುಗೂಸಿನ ಉಗುರಿನಷ್ಟು ಗುಲಾಬಿ.

ಫಲಿತಾಂಶವೆಂದು ಬರೆದಿದ್ದೆ: ಶೇಕಡಾ ತೊಂಬತ್ತಾರು.
ಪಕ್ಕದಲ್ಲಿ ಗೆರೆ ಎಳೆದು ಹೊಸ ಕಾಲಂ ಮಾಡಿದೆ.
ಮೇಲೆ: ಬಿಡುತ್ತದೆಯೇ?
ಕೆಳಗೆ: ಸ್ವಲ್ಪ. ಸಾಬೂನಿಗೆ. ಪರೀಕ್ಷಿಸಿದವರು, ಕೊಂಡಯ್ಯ.
ಬಿಟ್ಟದ್ದನ್ನು ಎಲ್ಲಿ ಸುರಿಯುವುದೆಂದು
ಯಾವ ಕಾಲಮ್ಮಿನಲ್ಲೂ ಬರೆಯಲಾಗಲಿಲ್ಲ.

ಚೀಲದಲ್ಲಿ ಇನ್ನೂ ಅರ್ಧ ಹೊಟ್ಟಿತ್ತು.
ಹಂಡೆಯ ಹೊಗೆಯೊಳಗಿಂದ ಕೂಗಿದ:
"ಇವತ್ತು ಹಸಿರು ಐತೆ. ಡಬ್ಬಿ ತಾರವ್ವ."